ರಾತ್ರಿ ಎಂಟರ ಮೇಲಿನ ತರಕಾರಿ: ಯಾವುದು ತರಬಹುದು, ಯಾವುದು ಬಿಡಬೇಕು?

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ. ತರಕಾರಿ ಮಾರುವವರು, ಬೆಳೆಯುವವರು ಯಾರಾದರೂ ಇಲ್ಲಿದ್ದರೆ ದಯವಿಟ್ಟು ಪೂರ್ತಿ ಓದಿ.

ಕೆಲಸ ಮುಗಿಸಿ ವಿನೋಬನಗರಕ್ಕೆ ವಾಪಸ್ ಬರುವಾಗ ನಾನು ಗಾಂಧಿ ಬಜಾರಿಗೆ ಹೋಗಿ ಬರ್ತೀನಿ. ಅಷ್ಟೊತ್ತಿಗೆ ಎಂಟಾಗಿರುತ್ತೆ, ತರಕಾರಿಯವರು ಟಾರ್ಪಾಲು ಮಡಚೋಕೆ ಶುರು ಮಾಡಿರ್ತಾರೆ. ಬೆಳಿಗ್ಗೆಯಿಂದ ಜನ ಆರಿಸಿ ಆರಿಸಿ ಬಿಟ್ಟಿದ್ದೆಲ್ಲ ಒಂದು ಕಡೆ ಗುಡ್ಡೆ ಬಿದ್ದಿರುತ್ತೆ. ಡೊಂಕು ಹೀರೆಕಾಯಿ, ಕವಲೊಡೆದ ಕ್ಯಾರೆಟ್, ತೊಟ್ಟಿನ ಹತ್ತಿರ ಸೀಳಿದ ಟೊಮೆಟೊ, ತಲೆ ಬಗ್ಗಿಸಿದ ಹರಿವೆ ಸೊಪ್ಪು. ಹೋದ ದೀಪಾವಳಿಯಿಂದ ಈಚೆಗೆ ನಮ್ಮ ಮನೆಗೆ ಹೆಚ್ಚುಕಮ್ಮಿ ಅದೇ ಬರ್ತಾ ಇದೆ.

ಶುರು ಮಾಡಿದ್ದು ದುಡ್ಡು ಉಳಿಸೋಕಲ್ಲ. ಒಂದು ದಿನ ಊರಿಗೆ ಹೋಗೋಕೆ ಬೆಳಿಗ್ಗೆ ಬೇಗ ಹೊರಟಿದ್ದೆ. ಹಿಂದಿನ ರಾತ್ರಿ ನಾನು ನೋಡಿ ಬಂದಿದ್ದ ಅದೇ ಗುಡ್ಡೆ ರಸ್ತೆ ಬದಿಯಲ್ಲಿ ಬಿದ್ದಿತ್ತು, ಎರಡು ದನ ಮೇಯ್ತಾ ಇದ್ವು. ಅದರಲ್ಲಿದ್ದ ಹೀರೆಕಾಯಿಗೆ ಏನೂ ಆಗಿರಲಿಲ್ಲ, ಸೊಟ್ಟ ಇತ್ತು ಅಷ್ಟೆ. ನಮ್ಮ ತವರು ತೀರ್ಥಹಳ್ಳಿ ಹತ್ತಿರ. ಅಪ್ಪ ತೋಟದ ಅಂಚಲ್ಲಿ ಹೀರೆ ಚಪ್ಪರ ಹಾಕ್ತಿದ್ದರು. ಸೊಟ್ಟದ್ದು ಬೇರೆ, ನೆಟ್ಟಗಿದ್ದದ್ದು ಬೇರೆ ಅಂತ ಆ ಮನೆಯಲ್ಲಿ ಯಾರೂ ವಿಂಗಡಿಸಿದ್ದು ನಾನು ನೋಡಿಲ್ಲ. ಕೊಯ್ದದ್ದೆಲ್ಲ ಪಲ್ಯ, ಸಿಪ್ಪೆ ಚಟ್ನಿ, ಒಳಗಿನ ನಾರು ಪಾತ್ರೆ ತಿಕ್ಕೋಕೆ.

ಈಗ ತೊಂದರೆ ಹೇಳ್ತೀನಿ. ಜೂನ್ ಕೊನೆಯಲ್ಲಿ ಒಬ್ಬರು "ಒಂದು ಕ್ರೇಟ್ ಟೊಮೆಟೊ 100 ರೂಪಾಯಿ, ತಗೊಂಡು ಹೋಗಿ ಅಕ್ಕ" ಅಂದರು. 20 ಕೆಜಿ ಮೇಲೇ ಇತ್ತು, ಮಳೆಗೆ ನೆಂದ ಮಾಲು. ಆಟೋ ಮಾಡಿಕೊಂಡು ತಂದೆ. ಮಾರನೇ ದಿನ ಕೆಲಸಕ್ಕೆ ಹೋದೆ. ಎರಡನೇ ದಿನ ಸಂಜೆ ಬಾಗಿಲು ತೆಗೆದರೆ ಹುಳಿ ವಾಸನೆ. ಅಡಿಯ ಎರಡು ಪದರ ಒಡೆದು ನೀರಾಗಿತ್ತು, ಮೇಲಿದ್ದವುಗಳ ಸೀಳಿನಲ್ಲಿ ಬಿಳಿ ಬೂಷ್ಟು. ಅತ್ತೆ ಬೈಯಲಿಲ್ಲ. ಬಕೆಟ್ ತಂದಿಟ್ಟು, "ಅಲ್ಲಿ ಬಿಸಾಕೋದನ್ನ ಇಲ್ಲಿ ತಂದು ಬಿಸಾಕಿದ ಹಾಗಾಯ್ತಲ್ಲ ಮಗಾ" ಅಂದರು. ನನಗೆ ಅಳು ಬಂತು, ಯಾಕಂದ್ರೆ ಅವರು ಹೇಳಿದ್ದು ನಿಜ.

ಅವತ್ತಿನಿಂದ ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ದಿನದ ಚೌಕದೊಳಗೆ ಎಸೆದದ್ದನ್ನು ಪೆನ್ಸಿಲ್‌ನಲ್ಲಿ ಬರೀತಾ ಇದ್ದೀನಿ. ಪುದೀನ ಅರ್ಧ ಕಟ್ಟು. ಬದನೆ 3. ಬೀನ್ಸ್ ಒಂದು ಹಿಡಿ. ಪಪ್ಪಾಯ ಅರ್ಧ. ಎರಡು ವಾರದಲ್ಲಿ ಆ ಕ್ರೇಟ್ ಬಿಟ್ಟೇ ಸುಮಾರು 4 ಕೆಜಿ ಆಯ್ತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿ ಹುಡುಕಿ ಓದಿದೆ. 2022ರಲ್ಲಿ ಜಗತ್ತಿನಲ್ಲಿ ಪೋಲಾದ ಆಹಾರ 105 ಕೋಟಿ ಟನ್, ಅದರಲ್ಲಿ ಶೇ. 60ರಷ್ಟು ಅಂಗಡಿಯಲ್ಲೂ ಅಲ್ಲ, ಹೋಟೆಲಿನಲ್ಲೂ ಅಲ್ಲ, ಮನೆಗಳಲ್ಲಿ. ನಮ್ಮ ದೇಶದ ಮನೆಗಳ ಲೆಕ್ಕ ತಲೆಗೆ ವರ್ಷಕ್ಕೆ 55 ಕೆಜಿ. ಸಿಪ್ಪೆ, ಮೂಳೆ ಎಲ್ಲ ಸೇರಿಸಿದ ಲೆಕ್ಕ ಅದು, ಆದರೂ ನನ್ನ ಕ್ಯಾಲೆಂಡರ್ ನೋಡಿದರೆ ನಂಬದೇ ಇರೋಕೆ ಆಗಲ್ಲ.

ಇನ್ನೊಂದು ವಿಷಯ. ಸೊಪ್ಪು ಮಾರುವ ಒಬ್ಬ ಅಜ್ಜಿ ಹತ್ತಿರ ದಿನಾ ತಗೊಳ್ತೀನಿ. ಹೋದ ವಾರ ಬಾಡಿದ ಹರಿವೆಯನ್ನು ಕಟ್ಟಿಗೆ ಐದು ರೂಪಾಯಿಗೆ ಕೊಡಿ ಅಂದೆ. "ಬೆಳಿಗ್ಗೆ ಬಂದಿದ್ರೆ ಇಪ್ಪತ್ತು ಕೊಡ್ತಿದ್ದೆ ಅಲ್ವಾ ಅವ್ವಾ, ಕತ್ತಲಾದ ಮೇಲೆ ಸೊಪ್ಪಿಗೂ ಬೆಲೆ ಇಲ್ಲ, ನನಗೂ ಇಲ್ಲ" ಅಂದರು. ಕೊಟ್ಟರು. ಆದರೆ ನನಗೆ ಆ ಸೊಪ್ಪಿನ ಸಾರು ಗಂಟಲಲ್ಲಿ ಇಳಿಯಲಿಲ್ಲ.

ಹಾಗಾಗಿ ಕೇಳ್ತಾ ಇದ್ದೀನಿ. ಯಾವ ಊನ ಇದ್ದರೆ ತರಬಹುದು, ಯಾವುದನ್ನು ಮುಟ್ಟಲೇಬಾರದು? ಪುನರ್ವಸು ಮಳೆ ಬಿಡ್ತಾನೇ ಇಲ್ಲ, ಒರೆಸಿಟ್ಟದ್ದೂ ಸಂಜೆಗೆ ತೇವ, ತಂದದ್ದನ್ನು ಉಳಿಸಿಕೊಳ್ಳೋದು ಹೇಗೆ? ಕಡಿಮೆ ಬೆಲೆಗೆ ಕೇಳೋದರಲ್ಲಿ ನ್ಯಾಯ ಎಲ್ಲಿಯವರೆಗೆ?

ತಕ್ಕಡಿ

ಅಕ್ಕ, ನಾನು ತರಕಾರಿ ಅಂಗಡಿಯವನು. ಅಪ್ಪನ ಕಾಲದಿಂದ ಇದೇ ಕಸುಬು, ಊರು ಶಿವಮೊಗ್ಗವೇ.

ಮೊದಲು ನಿಮ್ಮ ಕ್ರೇಟ್ ವಿಷಯ. ಬೇಜಾರು ಮಾಡ್ಕೋಬೇಡಿ, ಅದನ್ನು 100 ರೂಪಾಯಿಗೆ ಕೊಟ್ಟವರು ತಮ್ಮ ಕಸವನ್ನು ನಿಮ್ಮ ಆಟೋದಲ್ಲಿ ಸಾಗಿಸಿದರು. ನೆಂದ ಟೊಮೆಟೊ ನಾವೇ ಮನೆಗೆ ಒಯ್ಯಲ್ಲ. ಕ್ರೇಟ್ ತಗೊಳ್ಳೋ ಹಾಗಿದ್ದರೆ ಮೇಲಿನ ಪದರ ನೋಡಬೇಡಿ, ಎಲ್ಲರೂ ಒಳ್ಳೇದನ್ನೇ ಮೇಲೆ ಜೋಡಿಸ್ತಾರೆ. ಕ್ರೇಟ್ ಎತ್ತಿ ಅಡಿಯ ತೂತು ನೋಡಿ. ಅಲ್ಲಿ ರಸ ಒಸರಿ ಅಂಟಂಟಾಗಿದ್ದರೆ, ನೊಣ ಕೂತಿದ್ದರೆ ಪುಕ್ಕಟೆ ಕೊಟ್ಟರೂ ಬೇಡ.

ಈಗ ಒಂದು ಮಾತು ಹೇಳ್ತೀನಿ, ಬಹಳ ದಿನದಿಂದ ಹೇಳಬೇಕು ಅಂತಿತ್ತು. ರಾತ್ರಿ ನೀವು ನೋಡುವ ಆ ಗುಡ್ಡೆಯಲ್ಲಿ ಎಲ್ಲವೂ ಹೊಲದಲ್ಲಿ ಕೆಟ್ಟದ್ದಲ್ಲ. ಎಷ್ಟೋ ಮಾಲು ಕೆಟ್ಟದ್ದು ನಮ್ಮ ಕಣ್ಣೆದುರಿಗೆ, ಗಿರಾಕಿಗಳ ಬೆರಳಿನಿಂದ. ಬೆಂಡೆಕಾಯಿ ತಗೊಳ್ಳಿ. ಬೆಳಿಗ್ಗೆ ಎಪಿಎಂಸಿಯಿಂದ ತಂದು ಸುರಿದಾಗ ಚೆನ್ನಾಗೇ ಇರುತ್ತೆ. ಬಂದವರೆಲ್ಲ ತುದಿ ಚಟ್ ಅಂತ ಮುರಿದು ನೋಡ್ತಾರೆ. ಎಳೆಯದಾದರೆ ಮುರಿಯುತ್ತೆ, ಬಲಿತದ್ದು ಬಾಗುತ್ತೆ, ಪರೀಕ್ಷೆ ಸರಿ. ಆದರೆ ಮುರಿದು ನೋಡಿ ಎಳೇದು ಅಂತ ಗೊತ್ತಾದ ಮೇಲೆ ಅದನ್ನೇ ಬುಟ್ಟಿಗೆ ಹಾಕ್ಕೋಬೇಕಲ್ವಾ? ಅದನ್ನು ಅಲ್ಲೇ ಬಿಟ್ಟು, ತುದಿ ಇರೋದನ್ನು ಆರಿಸ್ಕೊಳ್ತಾರೆ. ಮಧ್ಯಾಹ್ನಕ್ಕೆ ಮುರಿದ ತುದಿ ಕಪ್ಪಾಗುತ್ತೆ, ಸಂಜೆ ಅದನ್ನು ಯಾರೂ ಮುಟ್ಟಲ್ಲ. ರಾಶಿಯಲ್ಲೇ ಎಳೆಯ ಬೆಂಡೆ ಅದು! ಸೋರೆಕಾಯಿಗೆ ಉಗುರು ಚುಚ್ಚೋದು, ಟೊಮೆಟೊ ಹೆಬ್ಬೆರಳಲ್ಲಿ ಅದುಮೋದು, ತೆಂಗಿನಕಾಯಿ ಜುಟ್ಟು ಕೀಳೋದು ಇವೂ ಹಾಗೇ. ಚುಚ್ಚಿದ ಜಾಗದಿಂದಲೇ ಕೊಳೆ ಶುರು. ನೀವು ತುದಿ ಮುರಿದ ಬೆಂಡೆ ಕಣ್ಣುಮುಚ್ಚಿ ತಗೊಳ್ಳಿ, ಅದೇ ರಾತ್ರಿ ಹುರಿದುಬಿಡಿ.

ರಾತ್ರಿ ಎಲ್ಲದಕ್ಕೂ ಬೆಲೆ ಇಳಿಯಲ್ಲ. ಆಲೂಗಡ್ಡೆ, ಈರುಳ್ಳಿ, ಕುಂಬಳ, ಸುವರ್ಣಗಡ್ಡೆ ನಾಳೆಗೂ ನಾಡಿದ್ದಿಗೂ ಇರುತ್ತೆ, ಅದನ್ನು ಕಡಿಮೆಗೆ ಕೇಳಿದರೆ ನಮಗೆ ಸಿಟ್ಟು ಬರುತ್ತೆ. ಸೊಪ್ಪು, ಕಳಿತ ಟೊಮೆಟೊ, ಕರಿ ಚುಕ್ಕಿ ಬಿದ್ದ ಬಾಳೆಹಣ್ಣು, ಬಿಡಿಸಿಟ್ಟ ಅವರೆಕಾಳು, ಹೂಕೋಸು ಇವು ಅವತ್ತೇ ಹೋಗಬೇಕು.

ನ್ಯಾಯ ಎಲ್ಲಿಯವರೆಗೆ ಅಂದ್ರಿ. ನನ್ನಂಥ ಅಂಗಡಿಯವನ ಲೆಕ್ಕ ಬೇರೆ, ಸೊಪ್ಪಿನವರ ಲೆಕ್ಕ ಬೇರೆ. ನನಗೆ ಟೊಮೆಟೊದಲ್ಲಿ ಹೋದದ್ದು ಈರುಳ್ಳಿಯಲ್ಲಿ ಬರುತ್ತೆ. ಅವರಿಗೆ ಸೊಪ್ಪೊಂದೇ, ಉಳಿದರೆ ಅವತ್ತಿನ ಕೂಲಿಯೇ ಹೋಯ್ತು. ದರ ನೀವು ಹೇಳಬೇಡಿ. "ಅಜ್ಜಿ, ಉಳಿದದ್ದು ಎಷ್ಟಕ್ಕೆ ಕೊಡ್ತೀರಿ" ಅಂತ ಕೇಳಿ. ಅವರ ಬಾಯಿಂದ ಬಂದ ಮೇಲೆ ಇಳಿಸಬೇಡಿ, ಕೊಸರು ಕೇಳಬೇಡಿ. ಇನ್ನೂ ಒಳ್ಳೇದು ಅಂದ್ರೆ, "ದಿನಾ ಎಂಟಕ್ಕೆ ಬರ್ತೀನಿ, ಎರಡು ಕಟ್ಟು ನನ್ನದು" ಅಂತ ಹೇಳಿಬಿಡಿ. ನಾಳೆ ಎಷ್ಟು ಹೋಗುತ್ತೆ ಅನ್ನೋದು ಗೊತ್ತಿದ್ದರೆ ನಾವು ತರೋದೇ ಅಳತೆ ನೋಡಿ ತರ್ತೀವಿ.

ಬದುವಿನ ಮೇಲೆ (ಶಿಕಾರಿಪುರ ತಾಲ್ಲೂಕು)

ತಕ್ಕಡಿ ಅಣ್ಣ ಅಂಗಡಿಯ ಮಾತು ಹೇಳಿದರು. ನಾನು ಅದಕ್ಕೂ ಹಿಂದಿನದ್ದು ಹೇಳ್ತೀನಿ. ನೀವು ಗುಡ್ಡೆಯಲ್ಲಿ ನೋಡೋದು ಪೇಟೆಗೆ ಬಂದ ಸೊಟ್ಟ ಮಾತ್ರ. ಪೇಟೆಗೆ ಬರದೇ ಹೊಲದಲ್ಲೇ ಉಳಿದ ಸೊಟ್ಟ ಬೇಕಾದಷ್ಟಿದೆ.

ನಾಲ್ಕು ವರ್ಷ ಒಪ್ಪಂದದ ಮೇಲೆ ಮಿಡಿಸೌತೆ ಬೆಳೆದೆ. ನಮ್ಮ ಕಡೆ ಅದನ್ನು ತಿನ್ನುವವರಿಲ್ಲ, ಉಪ್ಪುನೀರಿಗೋ ವಿನೆಗರ್‌ಗೋ ಹಾಕಿ ಹೊರದೇಶಕ್ಕೆ ಕಳಿಸ್ತಾರೆ. ಕಿರುಬೆರಳಿನಷ್ಟಿದ್ದಾಗ ಕಿತ್ತರೆ ಒಳ್ಳೆ ದರ. ಒಂದು ದಿನ ತಡ ಆದರೆ ದಪ್ಪ ಆಗಿ ಕೆಳಗಿನ ದರ್ಜೆಗೆ ಬೀಳುತ್ತೆ. ಹಬ್ಬ ಇರಲಿ, ಮನೆಯಲ್ಲಿ ಸಾವಾಗಲಿ, ಬೆಳಿಗ್ಗೆ ಎದ್ದು ಕೀಳಲೇಬೇಕು. ಡೊಂಕು ಬಂದರೆ ವಾಪಸ್. ಒಂದು ಸಲ ಮೂರು ಚೀಲ ವಾಪಸ್ ಬಂತು. ಎಮ್ಮೆಗೆ ಹಾಕಿದೆವು, ಎಮ್ಮೆಯೂ ಒಂದು ಹೊತ್ತು ತಿಂದು ಬಿಟ್ಟಿತು. ಉಳಿದದ್ದು ಗೊಬ್ಬರದ ಗುಂಡಿಗೆ. ಆ ಮಿಡಿ ಕೀಳೋಕೆ ನನ್ನ ಹೆಂಡತಿ ಬೆನ್ನು ಬಗ್ಗಿಸಿ ಎರಡು ತಾಸು ನಿಂತಿದ್ದಳು.

ಯುರೋಪಿನಲ್ಲಿ 1988ರಲ್ಲಿ ಸೌತೆಕಾಯಿಗೆ ಒಂದು ನಿಯಮ ಮಾಡಿದ್ದರು. ಮೇಲಿನ ದರ್ಜೆಯ ಸೌತೆ 10 ಸೆಂ.ಮೀ. ಉದ್ದಕ್ಕೆ 10 ಮಿ.ಮೀ.ಗಿಂತ ಹೆಚ್ಚು ಬಾಗಿರಬಾರದು ಅಂತ. 2009ರಲ್ಲಿ ಆ ನಿಯಮ ತೆಗೆದುಹಾಕಿದರು. ನಮ್ಮ ಸಂತೆಯಲ್ಲಿ ಅಂಥ ನಿಯಮ ಯಾರೂ ಬರೆದಿಟ್ಟಿಲ್ಲ, ಆದರೂ ಕಣ್ಣು ಅದನ್ನೇ ಅಳೆಯುತ್ತೆ.

ಸೊಟ್ಟ ಯಾಕಾಗುತ್ತೆ ಗೊತ್ತಾದರೆ ಆರಿಸೋದು ಸುಲಭ. ಸೌತೆ ಡೊಂಕಾಗೋದು ಜೇನು ಸರಿಯಾಗಿ ಬರದೆ ಪರಾಗ ಅರೆಬರೆ ಬಿದ್ದಾಗ, ನೀರು ಹೆಚ್ಚುಕಮ್ಮಿ ಆದಾಗ, ಬೆಳೆಯೋ ಕಾಯಿ ಕೋಲಿಗೋ ನೆಲಕ್ಕೋ ತಾಗಿದಾಗ. ಕ್ಯಾರೆಟ್ ಕವಲೊಡೆಯೋದು ಕೆಳಗೆ ಕಲ್ಲು ಸಿಕ್ಕಿದಾಗ. ಇವುಗಳಲ್ಲಿ ತಿನ್ನೋಕೆ ಏನೂ ದೋಷ ಇಲ್ಲ. ಟೊಮೆಟೊ ಸೀಳೋದು, ಒಣಗಿದ ನೆಲಕ್ಕೆ ಒಮ್ಮೆಲೇ ಮಳೆ ಬಿದ್ದಾಗ. ಒಳಗೆ ನೀರು ಏರಿದಷ್ಟು ಬೇಗ ಸಿಪ್ಪೆ ಹಿಗ್ಗಲ್ಲ, ಹರಿಯುತ್ತೆ. ಅದರಲ್ಲಿ ಎರಡು ತರ ಇದೆ, ಹತ್ತಿರ ಹಿಡಿದು ನೋಡಿ. ಗಿಡದಲ್ಲಿದ್ದಾಗಲೇ ಸೀಳಿ ಮಾಗಿದ್ದರೆ ಗಾಯದ ಜಾಗ ಒಣಗಿ, ಕಂದು ಬಣ್ಣಕ್ಕೆ ತಿರುಗಿ, ನಮ್ಮ ಮೊಣಕಾಲಿನ ಹಳೇ ಗಾಯದ ಹಾಗೆ ಗಟ್ಟಿ ಗೆರೆ ಆಗಿರುತ್ತೆ. ಅದನ್ನು ತಗೊಳ್ಳಿ, ಮೂರು ದಿನ ಇಟ್ಟರೂ ಇರುತ್ತೆ. ಸೀಳಿನೊಳಗೆ ಹಸಿ ತಿರುಳು ಕೆಂಪಗೆ ಹೊಳೀತಿದ್ದರೆ ಅದು ನಿನ್ನೆ ಮೊನ್ನೆಯದು, ಮಳೆಗಾಲದಲ್ಲಿ ಅವತ್ತೇ ಒಲೆ ಮೇಲೆ ಇಡಬೇಕು. ಅಡಿಭಾಗ ಕಪ್ಪು ಚಕ್ಕೆಯಾಗಿ ಒಳಕ್ಕೆ ಕುಸಿದದ್ದು ಕ್ಯಾಲ್ಸಿಯಂ ಸಾಲದೆ ಆಗಿದ್ದು, ರೋಗ ಅಂಟಿದ್ದಲ್ಲ. ಅದರ ಮೇಲೆ ಬೂಷ್ಟು ಇಲ್ಲದಿದ್ದರೆ ಆ ಭಾಗ ಕೊಯ್ದು ತೆಗೆದು ಉಳಿದದ್ದು ಬಳಸಬಹುದು.

ಲುಧಿಯಾನದಲ್ಲಿರುವ ಕೇಂದ್ರದ ಕೊಯ್ಲೋತ್ತರ ಸಂಸ್ಥೆಯ 2015ರ ಅಧ್ಯಯನದಲ್ಲಿ ಟೊಮೆಟೊ ನಷ್ಟ ಶೇ. 12ರ ಮೇಲೆ ಇತ್ತು. ಕೊಯ್ಲಿನಿಂದ ಅಂಗಡಿವರೆಗಿನ ಲೆಕ್ಕ ಅದು, ನಿಮ್ಮ ಅಡುಗೆಮನೆಗೆ ಬರೋಕೆ ಮುಂಚೆಯೇ.

ಒಂದು ವಿನಂತಿ. ಕ್ರೇಟ್ ಒಬ್ಬರೇ ತಗೋಬೇಡಿ. ಬೀದಿಯ ಐದಾರು ಮನೆ ಸೇರಿ, ಬೆಳೆಯೋರ ಹತ್ತಿರ ನೇರ ಮಾತಾಡಿ, ಮಳೆ ಬಿಟ್ಟ ದಿನ ಕೊಯ್ದ ಎರಡನೇ ದರ್ಜೆ ಮಾಲು ಕೇಳಿ. ಮನೆಗೆ ನಾಲ್ಕು ಕೆಜಿ ಬಂದರೆ ಕೊಳೆಯೋಕೆ ಪುರುಸೊತ್ತಿರಲ್ಲ. ನಮಗೂ ಕೊಯ್ಲಿನ ಕೂಲಿ ಹುಟ್ಟುತ್ತೆ. ಕೂಲಿಯೂ ಹುಟ್ಟದಿದ್ದರೆ ನಾವು ಕೊಯ್ಯೋದೇ ಇಲ್ಲ, ಟ್ರ್ಯಾಕ್ಟರ್ ಹೊಡೆಸ್ತೀವಿ.

ಒಂಟಿ ಕೋಣೆ (ಶಂಕರಘಟ್ಟ)

ನಾವು ಮೂವರು ಹುಡುಗರು ಒಂದು ಕೋಣೆಯಲ್ಲಿದ್ದೀವಿ, ಫ್ರಿಜ್ ಇಲ್ಲ. ಅಗ್ಗ ಅಂತ ಎರಡು ಕೆಜಿ ತರೋದಕ್ಕಿಂತ ಅವತ್ತಿಗೆ ಬೇಕಾದ ಕಾಲು ಕೆಜಿಯನ್ನು ಪೂರ್ತಿ ಬೆಲೆಗೆ ತಂದರೇ ನಮಗೆ ಉಳಿತಾಯ ಅಂತ ಆರು ತಿಂಗಳಲ್ಲಿ ಗೊತ್ತಾಯ್ತು. ಸಂಜೆಯ ಕರಿಚುಕ್ಕಿ ಬಾಳೆಹಣ್ಣು ಮಾತ್ರ ಯಾವಾಗಲೂ ತರ್ತೀವಿ, ಮೂರು ಜನ ಇದ್ದರೆ ಅದು ಬೆಳಗಿನವರೆಗೆ ಉಳಿಯೋದೇ ಇಲ್ಲ.

ಅಂಗಳದ ಚಪ್ಪರ (ಸಾಗರ)

ತಂಗಿ, ನಿಮ್ಮ ಅತ್ತೆ ದೊಡ್ಡ ಮಾತು ಹೇಳಿದ್ದಾರೆ. ಅವರನ್ನೇ ಜೊತೆಗೆ ಕೂರಿಸಿಕೊಳ್ಳಿ, ಅರ್ಧ ಉತ್ತರ ನಿಮ್ಮ ಮನೆಯಲ್ಲೇ ಇದೆ.

ನಾನು ಮದುವೆಯಾಗಿ ಬಂದಾಗ ಈ ಮನೆಯಲ್ಲಿ ಫ್ರಿಜ್ ಎಂತದ್ದೂ ಇರಲಿಲ್ಲ. ಬೇಸಿಗೆಯಲ್ಲಿ ಗದ್ದೆಯಲ್ಲಿ ಬೆಳೆದ ಮೊಗೆಕಾಯಿಯನ್ನು (ಸಾಂಬಾರು ಸೌತೆ) ಬಾಳೆನಾರಿನಲ್ಲಿ ಒಂದೊಂದಾಗಿ ಕಟ್ಟಿ ಅಡುಗೆಮನೆಯ ಜಂತಿಗೆ ನೇತು ಹಾಕ್ತಿದ್ದರು. ಒಂದಕ್ಕೊಂದು ತಾಗಬಾರದು, ನೆಲ ಮುಟ್ಟಬಾರದು. ಮಳೆಗಾಲ ಪೂರ್ತಿ ಅದೇ ಹುಳಿ, ಅದೇ ತೆಳ್ಳವು, ಅದರ ತಿರುಳಿನದ್ದೇ ತಂಬುಳಿ. ನಮ್ಮತ್ತೆ ದಿನಾ ಸಂಜೆ ದೀಪ ಹಿಡಿದು ಜಂತಿ ಕೆಳಗೆ ಒಂದು ಸುತ್ತು ಹಾಕ್ತಿದ್ದರು. ಕತ್ತು ಎತ್ತಿ ಒಂದೊಂದನ್ನೂ ಬೆರಳಿನ ಗಿಣ್ಣಿನಿಂದ ಮೆಲ್ಲಗೆ ತಟ್ಟೋದು. ಸದ್ದು ಬದಲಾಗಿದ್ದು, ತೊಟ್ಟಿನ ಹತ್ತಿರ ಮೆತ್ತಗಾಗಿದ್ದು ಸಿಕ್ಕಿದರೆ ಮಾರನೇ ದಿನದ ಅಡಿಗೆ ಅದೇ. ಚೆನ್ನಾಗಿರೋದನ್ನು ಇಳಿಸೋ ಹಾಗೇ ಇಲ್ಲ. "ಯಾವುದು ಮೊದಲು ಹೋಗ್ತದೋ ಅದು ಮೊದಲು ಎಲೆಗೆ" ಅಂತಿದ್ದರು. ನಾನು ಈಗ ಫ್ರಿಜ್ಜಿಗೂ ಅದನ್ನೇ ಮಾಡ್ತೀನಿ. ರಾತ್ರಿ ಪಾತ್ರೆ ತೊಳೆದ ಮೇಲೆ ಒಂದು ಸಲ ತರಕಾರಿ ಡಬ್ಬ ಹೊರಗೆಳೆದು, ನಾಳೆ ಇದು, ನಾಡಿದ್ದು ಇದು ಅಂತ ನೋಡಿಡೋದು. ನಾಳೆ ಎಂತ ಅಡಿಗೆ ಮಾಡಲಿ ಅಂತ ತಲೆ ಕೆಡಿಸಿಕೊಳ್ಳೋದೂ ತಪ್ಪಿತು.

ನೀವು ತರೋದು ಎಂಟು ಗಂಟೆಗೆ, ದಣಿದು ಬಂದಿರ್ತೀರಿ, ಗೊತ್ತು. ಆದರೂ ಸೊಟ್ಟ ತರಕಾರಿ ಬೇರೆ, ಬಾಡಿದ್ದು ಬೇರೆ. ಸೊಟ್ಟದ್ದು ಕಾಯ್ತದೆ, ಬಾಡಿದ್ದು ಕಾಯಲ್ಲ. ಬಾಡಿದ್ದು ತಂದ ದಿನವೇ ಕೈ ಹಚ್ಚೋಕೆ ಅರ್ಧ ಗಂಟೆ ಇದ್ದರೆ ಮಾತ್ರ ತನ್ನಿ, ಇಲ್ಲದ ದಿನ ಬಿಟ್ಟು ಬನ್ನಿ.

ಸೊಪ್ಪಿಗೆ: ಕಟ್ಟು ಬಿಚ್ಚಿ, ಬುಡ ಒಂದು ಗೆಣ್ಣು ಕತ್ತರಿಸಿ, ತಣ್ಣೀರಿನ ಚೊಂಬಿನಲ್ಲಿ ಹೂವಿನ ಹಾಗೆ ನಿಲ್ಲಿಸಿ. ಅರ್ಧ ಗಂಟೆಯಲ್ಲಿ ತಲೆ ಎತ್ತುತ್ತೆ, ಯಾಕಂದ್ರೆ ಬಾಡೋದು ಅಂದ್ರೆ ನೀರು ಆರಿದ್ದು ಅಷ್ಟೆ. ತಲೆ ಎತ್ತದೆ ಕೈಗೆ ಲೋಳೆ ಹತ್ತಿದ ಎಲೆ ಮಾತ್ರ ಕೊಳೆತದ್ದು, ಅದನ್ನು ಎಸೆಯಿರಿ. ಹರಿವೆ ದಂಟು ಬಿಸಾಡಬೇಡಿ, ನಾರು ತೆಗೆದು ಹುಳಿಗೆ ಹಾಕಿ. ಟೊಮೆಟೊಗೆ: ದೊಡ್ಡ ಹೋಳು ಮಾಡಿ, ಉಪ್ಪು ಹಾಕಿ, ದಪ್ಪ ತಳದ ಬಾಣಲೆಯಲ್ಲಿ ಮುಚ್ಚದೆ ಕುದಿಸಿ. ನೀರು ಆರಿ ಸೌಟಿಗೆ ಅಂಟೋ ಹೊತ್ತಿಗೆ ಎಣ್ಣೆ, ಸಾಸಿವೆ, ಮೆಣಸಿನ ಪುಡಿ, ಚೂರು ಬೆಲ್ಲ. ಒಣ ಬಾಟಲಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟರೆ ವಾರ ಪೂರ್ತಿ ದೋಸೆಗೆ ಆಯ್ತು. ಕಪ್ಪಾದ ಪುಟ್ಟಬಾಳೆ ಕಿವುಚಿ, ಬೆಲ್ಲ, ಅಕ್ಕಿ ರವೆ, ಏಲಕ್ಕಿ ಹಾಕಿ ಸ್ವಲ್ಪ ಹೊತ್ತು ನೆನೆಸಿ ಎಣ್ಣೆಗೆ ಬಿಟ್ಟರೆ ಮುಳ್ಕ. ಹಣ್ಣು ಕಪ್ಪಾದಷ್ಟೂ ಬೆಲ್ಲ ಕಮ್ಮಿ ಸಾಕು.

ಮಳೆಗಾಲಕ್ಕೆ ಒಂದೇ ಸೂತ್ರ: ತೊಳೆದು ಇಡಬೇಡಿ, ಒರೆಸಿ ಇಡಿ. ಬಳಸೋ ಹೊತ್ತಿಗೆ ತೊಳೆಯಿರಿ. ಪೇಪರ್ ಸುತ್ತಿ, ಪೇಪರ್ ತೇವ ಆದರೆ ಬದಲಾಯಿಸಿ. ಬಾಳೆಹಣ್ಣು, ಟೊಮೆಟೊ ಪಕ್ಕ ಸೊಪ್ಪು ಇಡಬೇಡಿ, ಹಣ್ಣಿನ ಗಾಳಿಗೆ ಸೊಪ್ಪು ಹಳದಿ ತಿರುಗುತ್ತೆ. ಆಲೂಗಡ್ಡೆ, ಈರುಳ್ಳಿ ಬೇರೆ ಬೇರೆ ಬುಟ್ಟಿ.

ಮಾಪನ

ನಾನು ಆಹಾರ ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವಳು. ಮೇಲಿನವರೆಲ್ಲ ಹೇಳಿದ್ದು ಒಪ್ಪುತ್ತೇನೆ. ಬೂಷ್ಟಿನ ವಿಷಯದಲ್ಲಿ ಮಾತ್ರ ಸ್ವಲ್ಪ ಕಟುವಾಗಿ ಹೇಳಬೇಕಾಗಿದೆ, ಏಕೆಂದರೆ ಎಸೆಯಬಾರದು ಎಂಬ ಒಳ್ಳೆಯ ಮನಸ್ಸೇ ಇಲ್ಲಿ ಅಪಾಯ ತರುತ್ತದೆ.

ನಿಮಗೆ ಕಾಣುವ ಬಿಳಿ ಅಥವಾ ಹಸಿರು ಚುಕ್ಕೆ ಬೂಷ್ಟಿನ ಮೇಲ್ಭಾಗ ಮಾತ್ರ. ಮೆತ್ತಗಿನ, ನೀರಿನಂಶ ಹೆಚ್ಚಿರುವ ಪದಾರ್ಥದಲ್ಲಿ ಅದರ ಎಳೆಗಳು ಒಳಕ್ಕೆ ದೂರ ಹೋಗಿರುತ್ತವೆ. ಟೊಮೆಟೊ, ಪಪ್ಪಾಯ, ದ್ರಾಕ್ಷಿ, ಸೌತೆ, ಬ್ರೆಡ್ ಇವುಗಳಲ್ಲಿ ಬೂಷ್ಟು ಕಂಡರೆ ಆ ಹಣ್ಣನ್ನೇ ಪೂರ್ತಿ ಎಸೆಯಿರಿ, ಅದಕ್ಕೆ ತಾಗಿಕೊಂಡಿದ್ದವನ್ನು ತೊಳೆದು ಪರೀಕ್ಷಿಸಿ. ಗಟ್ಟಿ ಮೈಯ ಎಲೆಕೋಸು, ಕ್ಯಾರೆಟ್ಟಿನಲ್ಲಿ ಚಿಕ್ಕ ಚುಕ್ಕೆ ಇದ್ದರೆ ಸುತ್ತ ಎರಡೂವರೆ ಸೆಂ.ಮೀ. ಆಳ ಮತ್ತು ಅಗಲಕ್ಕೆ ಕತ್ತರಿಸಿ ತೆಗೆದು ಉಳಿದದ್ದು ಬಳಸಬಹುದು. ಚಾಕು ಬೂಷ್ಟಿಗೆ ತಾಗದಂತೆ ನೋಡಿಕೊಳ್ಳಿ.

ಕಡಿಮೆ ಬೆಲೆಗೆ ಸಿಕ್ಕಿದರೂ ಬೇಡವೇ ಬೇಡ ಎನ್ನುವುದು ಮಳೆಗಾಲದ ಕಡಲೆಕಾಯಿ ಬೀಜ, ಜೋಳ ಮತ್ತು ಒಣಕೊಬ್ಬರಿ. ಬೂಷ್ಟು ಹಿಡಿದರೆ ಇವುಗಳಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಉಂಟಾಗುವ ಸಾಧ್ಯತೆ ಇದೆ. ಅದು ಯಕೃತ್ತಿಗೆ ಕೆಟ್ಟದ್ದು, ಮನೆಯ ಅಡುಗೆಯ ಬಿಸಿಗೆ ಪೂರ್ತಿ ನಾಶವಾಗುವುದಿಲ್ಲ. ಒರೆಸಿ ಹುರಿದರೆ ಸರಿಹೋಗುತ್ತದೆ ಎಂದು ನಂಬಬೇಡಿ. ಕೊಳೆತ ಸೇಬಿನಿಂದ ಜ್ಯೂಸ್ ಮಾಡಬೇಡಿ, ಅದರಲ್ಲೂ ಪ್ಯಾಟುಲಿನ್ ಎಂಬ ಇಂಥದ್ದೇ ವಿಷ ಇರಬಹುದು. ಹಸಿರಾದ ಆಲೂಗಡ್ಡೆಯಲ್ಲಿ ಸೊಲಾನಿನ್ ಇರುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ಸ್ವಲ್ಪ ಹಸಿರಿದ್ದರೆ ಸಿಪ್ಪೆ ದಪ್ಪಗೆ ಹೆರೆದು, ಮೊಳಕೆಯ ಕಣ್ಣು ಆಳವಾಗಿ ತೆಗೆದು ಬಳಸಿ. ಪೂರ್ತಿ ಹಸಿರಾಗಿದ್ದರೆ ಬಿಡಿ. ಸೋರೆಕಾಯಿ ಕತ್ತರಿಸಿದಾಗ ಒಂದು ಚೂರು ನಾಲಿಗೆಗೆ ತಾಗಿಸಿ ನೋಡಿ. ಕಹಿ ಇದ್ದರೆ ಉಗಿದು, ಇಡೀ ಕಾಯಿ ಎಸೆಯಿರಿ. ಕಹಿ ಸೋರೆಯ ರಸ ಕುಡಿದು ಜನ ಸತ್ತದ್ದಿದೆ.

ಅಂಗಡಿಗಳಲ್ಲಿ ದಿನಾಂಕ ಹತ್ತಿರ ಬಂತೆಂದು ರಿಯಾಯಿತಿಗೆ ಇಟ್ಟಿರುವ ಪೊಟ್ಟಣಗಳ ಬಗ್ಗೆಯೂ ಒಂದು ಮಾತು. 'ಬೆಸ್ಟ್ ಬಿಫೋರ್' ಎಂದಿದ್ದರೆ ಆ ದಿನದವರೆಗೆ ರುಚಿ ಮತ್ತು ಗುಣ ಪೂರ್ತಿ ಇರುತ್ತದೆ ಎಂದರ್ಥ. 'ಯೂಸ್ ಬೈ' ಅಥವಾ 'ಎಕ್ಸ್‌ಪೈರಿ' ಎಂದಿದ್ದರೆ ಅದು ಸುರಕ್ಷತೆಯ ಗಡಿ, ದಾಟಿದ್ದನ್ನು ಮಾರುವಂತೆಯೇ ಇಲ್ಲ.

ತುಂಗಾತೀರ (ಶಿವಮೊಗ್ಗ)

ಮೂರು ವಾರ ಬಿಟ್ಟು ಬರೀತಾ ಇದ್ದೀನಿ. ಹೇಳಿದ್ದನ್ನೆಲ್ಲ ಮಾಡಿ ನೋಡಿಯೇ ಬರೆಯೋಣ ಅಂತ ಕಾದೆ.

ಮಾಪನ ಅವರೇ, ನಿಮ್ಮ ಮಾತು ಓದಿದ ರಾತ್ರಿಯೇ ಡಬ್ಬದಲ್ಲಿದ್ದ ಒಣಕೊಬ್ಬರಿ ತೆಗೆದು ನೋಡಿದೆ. ಎರಡು ಗಿಟುಕಿನ ಒಳಗೆ ಹಸಿರು ಪುಡಿ. ನಾವು ಯಾವಾಗಲೂ ಒರೆಸಿ ತುರೀತಿದ್ದೆವು. ಎಸೆದೆ, ಕ್ಯಾಲೆಂಡರಿನಲ್ಲಿ ಬರೆದೆ, ಆ ಬರಹಕ್ಕೆ ನನಗೆ ಬೇಸರ ಇಲ್ಲ.

ಸಾಗರದ ಅಮ್ಮ, ಡಬ್ಬ ಹೊರಗೆಳೆದು ನೋಡುವ ಕೆಲಸ ಅತ್ತೆ ತಾವೇ ವಹಿಸಿಕೊಂಡಿದ್ದಾರೆ. ನಾನು ಬರೋ ಹೊತ್ತಿಗೆ ಫೋನ್ ಮಾಡಿ, "ಇವತ್ತು ಸೊಪ್ಪು ತರಬೇಡ, ಬೀನ್ಸ್ ಇದೆ, ಅದು ನಾಳೆಗೆ ನಿಲ್ಲಲ್ಲ" ಅಂತಾರೆ. ನನ್ನ ತಪ್ಪು ಇದ್ದದ್ದೇ ಅಲ್ಲಿ. ಅಂಗಡಿಯಲ್ಲಿ ಏನು ಉಳಿದಿದೆ ಅಂತ ನೋಡ್ತಿದ್ದೆ, ಮನೆಯಲ್ಲಿ ಏನು ಉಳಿದಿದೆ ಅಂತ ನೋಡ್ತಿರಲಿಲ್ಲ. ಮುಳ್ಕ ಮಕ್ಕಳಿಗೆ ಎಷ್ಟು ಹಿಡಿಸಿತು ಅಂದ್ರೆ ಈಗ ಬಾಳೆಹಣ್ಣು ಕಪ್ಪಾಗಲಿ ಅಂತ ಕಾಯ್ತಾರೆ. ಹಿಂದಿನ ಎರಡು ವಾರಕ್ಕೆ 4 ಕೆಜಿ ಇದ್ದದ್ದು ಈ ಮೂರು ವಾರಕ್ಕೆ ಒಂದೂಕಾಲು ಕೆಜಿ. ಅದರಲ್ಲಿ ಅರ್ಧ ಒಂದೇ ದಿನದ್ದು, ಮದುವೆಗೆ ಹೋಗಿ ರಾತ್ರಿ ಊಟ ಅಲ್ಲೇ ಆದ ದಿನ.

ಅಜ್ಜಿ ವಿಷಯ. ತಕ್ಕಡಿ ಅವರು ಹೇಳಿದ ಹಾಗೆ, ಉಳಿದದ್ದು ಎಷ್ಟಕ್ಕೆ ಕೊಡ್ತೀರಿ ಅಂತ ಕೇಳಿದೆ. ತುಸು ಹೊತ್ತು ನನ್ನ ಮುಖ ನೋಡಿ, "ಹತ್ತು ಕೊಡು" ಅಂದರು. ಹತ್ತೇ ಕೊಟ್ಟೆ. ದಿನ ಬಿಟ್ಟು ದಿನ ಎರಡು ಕಟ್ಟು ನನ್ನದು ಅಂತ ಮಾತಾಯ್ತು. ಈಗ ಅವರು ಆ ಎರಡು ಕಟ್ಟನ್ನು ಒದ್ದೆ ಗೋಣಿಯ ಕೆಳಗೆ ಬೇರೆ ಇಟ್ಟಿರ್ತಾರೆ, ಬಾಡಿರೋದೇ ಇಲ್ಲ. ಬಾಡದಿದ್ದ ಮೇಲೆ ಪೂರ್ತಿ ದರ ಕೊಡ್ತೀನಿ ಅಂದರೆ ತಗೊಳ್ಳಲ್ಲ, ಹದಿನೈದಕ್ಕೆ ಒಪ್ಪಿಸಿದ್ದೀನಿ. ಮೊನ್ನೆ ನಾನು ಹೋಗೋಕೆ ಮುಂಚೆಯೇ ಬುಟ್ಟಿ ಖಾಲಿ ಆಗಿತ್ತು, ನನ್ನ ಎರಡು ಕಟ್ಟು ಮಾತ್ರ ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

ಬದುವಿನ ಮೇಲೆ ಅವರೇ, ನಮ್ಮ ಬೀದಿಯಲ್ಲಿ ನಾಲ್ಕು ಮನೆ ಸೇರಿದ್ದೀವಿ. ಪರಿಚಯದ ರೈತರೊಬ್ಬರು ಭಾನುವಾರ ಒಂದು ಕ್ರೇಟ್ ಎರಡನೇ ದರ್ಜೆ ಟೊಮೆಟೊ ಕಳಿಸ್ತಾರೆ, ಮಳೆ ಬಂದರೆ ಕೊಯ್ಯಲ್ಲ ಅಂತ ಮೊದಲೇ ಹೇಳಿದ್ದಾರೆ. ಆರು ಪಾಲು ಮಾಡೋಣ ಅಂತ ಇದ್ದೀವಿ, ಇನ್ನೂ ಎರಡು ಪಾಲು ಉಳಿದಿದೆ. ವಿನೋಬನಗರದ ಸುತ್ತಮುತ್ತಲಿನವರು ಯಾರಾದರೂ ಇದ್ದರೆ ಇಲ್ಲೇ ಹೇಳಿ. ಚೀಲ ಬೇಡ, ಅಗಲ ಪಾತ್ರೆ ತನ್ನಿ, ಒಂದರ ಮೇಲೊಂದು ಬಿದ್ದರೆ ಸೀಳಿದ್ದು ತಡೆಯಲ್ಲ.